ಬೇಡಿ ಪಡೆದ ಶಾಲೆ

ಮಂಗಳೂರಿನ ಗುಡ್ಡದ ಮೇಲೆ ನಿಂತಿರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ನೀವು ಕಂಡಿರಬಹುದು. ಅಂತಹ ಹಳೆಯ ಶಾಲೆಗಳನ್ನು ತೋರಿಸಿ “ಬ್ರಿಟಿಷರು ಕಟ್ಟಿಸಿದ್ದು” ಎಂದು ಮಕ್ಕಳಿಗೆ ಹೇಳಿಬಿಡುವುದು ನಮ್ಮಲ್ಲಿ ವಾಡಿಕೆ. ಈ ಶಾಲೆಯ ಮಟ್ಟಿಗೆ ಆ ಮಾತು ಸಲ್ಲದು.

1870ರ ದಶಕದಲ್ಲಿ ನಮ್ಮ ಕರಾವಳಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಸರಕಾರಿ ಕಚೇರಿಗಾಗಲಿ ವಕೀಲಿ ವೃತ್ತಿಗಾಗಲಿ ದಾರಿ ತೋರುತ್ತಿದ್ದುದು ಇಂಗ್ಲಿಷ್ ವಿದ್ಯೆ. ತಮ್ಮ ಮಕ್ಕಳು ಹಿಂದುಳಿಯಬಾರದೆಂಬ ಆತಂಕದಿಂದ ಮಂಗಳೂರಿನ ಕಥೋಲಿಕರು ರೋಮಿಗೆ ಮನವಿಗಳನ್ನು ಬರೆದರು: ಯೇಸುಸಭೆಯ ಗುರುಗಳನ್ನು ಕಳುಹಿಸಿರಿ, ಅವರು ಇಲ್ಲಿ ಕಾಲೇಜು ತೆರೆಯಲಿ. 1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆ ಕೋರಿಕೆಯನ್ನು ಮನ್ನಿಸಿದರು. ಅದೇ ವರ್ಷದ ಕೊನೆಯ ದಿನ ಮೊದಲ ತಂಡ ಮಂಗಳೂರು ತಲುಪಿತು. ಬಂದವರಲ್ಲಿ ಹೆಚ್ಚಿನವರು ಇಟಲಿಯವರು, ಇಂಗ್ಲಿಷರಲ್ಲ.

1880ರ ಜನವರಿ 12ರಂದು ಕೊಡಿಯಾಲ್‌ಬೈಲಿನ ಒಂದು ಮನೆಯಲ್ಲಿ 150 ವಿದ್ಯಾರ್ಥಿಗಳೊಡನೆ ಪಾಠ ಆರಂಭವಾಯಿತು. ಗುಡ್ಡದ ಮೇಲಿನ ನಿವೇಶನವು ಲೋಬೊ ಪ್ರಭು ಮನೆತನದ ದಾನ. 1885ರಲ್ಲಿ ಶಾಲೆ ಅಲ್ಲಿಗೆ ಏರಿತು. ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದಾಚೆಗೆ ಚಿತ್ರಗಳಿಂದ ತುಂಬಿದರು. ಅದನ್ನು ಬಣ್ಣಿಸುವುದಕ್ಕಿಂತ ಹೋಗಿ ನೋಡುವುದೇ ಲೇಸು. ಮೊದಲ ಅಧ್ಯಾಪಕರಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. ಪಾಠದ ಜೊತೆಗೇ ಅವರು ಬಡವರಿಗೆ ಹೋಮಿಯೋಪಥಿ ಔಷಧಿ ಹಂಚತೊಡಗಿದರು. ಕಂಕನಾಡಿಯ ಆಸ್ಪತ್ರೆ ಬೆಳೆದದ್ದು ಆ ಔಷಧಿಯ ಪೆಟ್ಟಿಗೆಯಿಂದ.

ಹಾಗಾದರೆ ಪರರ ಆಳ್ವಿಕೆಯ ಮುದ್ರೆ ಈ ಶಾಲೆಯ ಮೇಲೆ ಬೀಳಲಿಲ್ಲವೇ? ಬಿತ್ತು. ಪರೀಕ್ಷೆ ಮದ್ರಾಸ್ ವಿಶ್ವವಿದ್ಯಾನಿಲಯದ್ದು, ಭಾಷೆ ಆಳುವವರದು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಓಲೆ ಬರೆಯಲು ಕನ್ನಡ ಲಿಪಿ. ಮುಂದೆ ಬರಲು ಮಾತ್ರ ಇಂಗ್ಲಿಷ್. ನಮ್ಮ ಹಿರಿಯರು ಅರಿತೇ ಈ ಬೆಲೆ ತೆತ್ತರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ಬೆಲೆ ತೆತ್ತದ್ದಂತೂ ನಿಜ. ಗುರುಮಠದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿಯೇ ಓದಿದ ನಾನು ಮೊದಲ ಪ್ರಬೋಧನೆಯನ್ನು ಕನ್ನಡದಲ್ಲಿ ಬರೆಯಲು ಕುಳಿತ ರಾತ್ರಿ, ಅರ್ಧ ಪುಟ ದಾಟಲಾಗಲಿಲ್ಲ.

ಆ ಕಾಲದ ಇನ್ನೊಬ್ಬ ಗುರು ಆಂಜೆಲೊ ಮಫೆಯಿ. ಇಟಲಿಯಿಂದ ಬಂದ ಇವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಎರಡೂ ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ; ಎರಡು ಸಭೆಗಳ ನಡುವೆ ಸಲಿಗೆ ಕಡಿಮೆಯಿದ್ದ ಕಾಲವದು! ನಮ್ಮ ಹುಡುಗರು ಇಂಗ್ಲಿಷ್ ಕಲಿಯಲು ಶಾಲೆಗೆ ನಡೆಯುತ್ತಿದ್ದ ಅದೇ ದಿನಗಳಲ್ಲಿ, ಅವರ ಅಜ್ಜಿಯಂದಿರ ಮಾತನ್ನು ಈ ಪರದೇಶಿ ಪದ ಪದವಾಗಿ ಬರೆದಿಟ್ಟುಕೊಳ್ಳುತ್ತಿದ್ದರು.