ಕೆಚ್ಚಲು ಬಾವು

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಹೈನು ಮಾಡುವವರು ಹೆದರುವ ಹೆಸರಿದು. ಎರಡೂ ಅಚ್ಚಗನ್ನಡ ಪದಗಳು. ‘ಬಾವು’ ಬಂದದ್ದು ಊದಿಕೊಳ್ಳು ಎಂಬರ್ಥದ ‘ಬಾ’ ಧಾತುವಿನಿಂದ. ಕಾಲು ಬಾತಿದೆ ಅನ್ನುತ್ತೇವಲ್ಲ, ಅದೇ. ಆದರೆ ಎಷ್ಟೋ ಸಲ ಕೆಚ್ಚಲು ಬಾತಿರುವುದೇ ಇಲ್ಲ. ಸೋಂಕು ಒಳಗೊಳಗೇ ಇದ್ದು ಹಾಲಷ್ಟೇ ಇಳಿಯುತ್ತದೆ.

ಬಾವು ತರುವ ಬ್ಯಾಕ್ಟೀರಿಯಾ ಹಲವು, ಎಲ್ಲಕ್ಕೂ ಒಂದೇ ಮದ್ದು ನಾಟದು. ಹಾಗಾಗಿ ಆ್ಯಂಟಿಬಯೋಟಿಕ್ ಚುಚ್ಚಿಸುವ ಮೊದಲೇ ಮೊಲೆತೊಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಧಾರೆ ಚೆಲ್ಲಿ, ಶುದ್ಧ ಬಾಟಲಿಗೆ ಹಾಲು ಹಿಂಡಿ ಲ್ಯಾಬಿಗೆ ಕಳಿಸಬೇಕು. 1966ರಲ್ಲಿ ಬಾವರ್, ಕಿರ್ಬಿ ಮತ್ತವರ ಸಂಗಡಿಗರು ಪ್ರಕಟಿಸಿದ ವಿಧಾನದಂತೆ, ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಡುತ್ತಾರೆ. ಮರುದಿನ ಯಾವ ಬಿಲ್ಲೆಯ ಸುತ್ತ ತಕ್ಕಷ್ಟು ಅಗಲ ಬ್ಯಾಕ್ಟೀರಿಯಾ ಬೆಳೆದಿಲ್ಲವೋ ಆ ಔಷಧವನ್ನೇ ಡಾಕ್ಟರು ಆರಿಸಬಹುದು.