ಚಂದ್ರಗಿರಿಯ ಉತ್ತರತೀರ: ಮನೆಮಾತು, ಬರಹದ ಭಾಷೆ ಮತ್ತು ರಾಜ್ಯದ ಗಡಿ

1956ನೆಯ ಇಸವಿಯ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೂ, ಅದರ ಉತ್ತರದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ ಸೇರಿದವು. 1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕಂಪನಿಯ ವಶವಾದಂದಿನಿಂದ ಒಂದೂವರೆ ಶತಮಾನಕ್ಕೂ ಮಿಕ್ಕಿ ಈ ನೆಲದ ಜನರು ಕಚೇರಿ, ವ್ಯಾಪಾರ, ವಿದ್ಯಾಭ್ಯಾಸಗಳಿಗೆ ಮಂಗಳೂರನ್ನೇ ಆಶ್ರಯಿಸಿದ್ದರು. ಹೆಣ್ಣು ಕೊಟ್ಟು ತಂದ ಮನೆಗಳೂ ಆ ಕಡೆಯೇ ಹೆಚ್ಚು.

ರಾಜ್ಯ ಪುನಾರಚನಾ ಆಯೋಗವು ತನ್ನ 1955ರ ವರದಿಯಲ್ಲಿ ತಾಲ್ಲೂಕಿನ ಮಲಯಾಳ ಬಹುಸಂಖ್ಯೆಯನ್ನು ಪ್ರಮಾಣವಾಗಿ ಹಿಡಿಯಿತು. ಅದು ಸುಳ್ಳು ಲೆಕ್ಕವೇನಲ್ಲ. ಆಗಿನ ತಾಲ್ಲೂಕು ದಕ್ಷಿಣದಲ್ಲಿ ಹೊಸದುರ್ಗ, ನೀಲೇಶ್ವರಗಳನ್ನೂ ಒಳಗೊಂಡಿದ್ದಿತು. ಚಂದ್ರಗಿರಿ ನದಿಯ ಉತ್ತರದಲ್ಲಿಯೂ ಮಲಯಾಳವನ್ನಾಡುವ ಮಾಪಿಳ್ಳೆಯರು, ತೀಯರು ಗಣನೀಯವಾಗಿದ್ದರು. ಆದರೆ ಜನಗಣತಿಯು ಕೇಳಿದ್ದು ಮಾತೃಭಾಷೆಯನ್ನು. ಮನೆಯ ಮಾತಿಗೂ ಬರಹದ ಭಾಷೆಗೂ ಭೇದವಿರುವ ನಾಡಿನಲ್ಲಿ ಈ ಪ್ರಶ್ನೆಯೊಂದೇ ಸಾಲದು. ಇಲ್ಲಿ ತುಳು, ಕೊಂಕಣಿ, ಮರಾಠಿಗಳನ್ನಾಡುವ ಕುಟುಂಬಗಳು ದಸ್ತಾವೇಜು ಬರೆಸಿದ್ದು, ಮಕ್ಕಳಿಗೆ ಅಕ್ಷರ ಕಲಿಸಿದ್ದು, ಯಕ್ಷಗಾನ ನೋಡಿದ್ದು ಕನ್ನಡದಲ್ಲಿ. (ತುಳುವಿಗೆ ಪ್ರಾಚೀನ ಲಿಪಿಯಿದ್ದುದು ನಿಜ, ಆದರೆ ಅದು ಬಹುಮಟ್ಟಿಗೆ ಸಂಸ್ಕೃತ ಗ್ರಂಥಗಳಿಗೆ ಮೀಸಲಾಗಿದ್ದಿತು. ಬಾಸೆಲ್ ಮಿಷನ್ನಿನವರು ತುಳು ಪುಸ್ತಕಗಳನ್ನು ಅಚ್ಚುಮಾಡಿದ್ದೂ ಕನ್ನಡ ಅಕ್ಷರಗಳಲ್ಲಿಯೇ.)

ಎರಡು ನಿದರ್ಶನಗಳನ್ನು ನೋಡಬಹುದು. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. 1949ರಲ್ಲಿ ಮದ್ರಾಸು ಸರ್ಕಾರವು ರಾಷ್ಟ್ರಕವಿಯೆಂದು ಗೌರವಿಸಿದ್ದು ಅವರ ಕನ್ನಡ ಕಾವ್ಯವನ್ನು. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಕಾಸರಗೋಡು ವಿಲೀನ ಚಳವಳಿಗೆ ಅವರು ದನಿಯಾದರು. ಮಾತೃಭಾಷೆಯ ಕೋಷ್ಟಕದಲ್ಲಿ ಈ ಇಬ್ಬರೂ ಕನ್ನಡದ ಅಂಕಣಕ್ಕೆ ಸೇರರು! ತುಳುವರನ್ನೆಲ್ಲ ವಿಚಾರಿಸದೆಯೇ ಕನ್ನಡಿಗರೆಂದು ಎಣಿಸಿಕೊಂಡ ನಮ್ಮ ಕಡೆಯ ವಾದವೂ ಅಷ್ಟೇ ಅವಸರದ್ದೆಂದು ನನ್ನ ಅಭಿಪ್ರಾಯ. ಅವರು ಬರಹಕ್ಕೆ ಕನ್ನಡವನ್ನು ಆರಿಸಿಕೊಂಡವರು. ಆ ಆಯ್ಕೆಯೇ ವಾದಕ್ಕೆ ಸಾಕಾಗುತ್ತಿದ್ದಿತು.

1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷವೇ ಚಂದ್ರಗಿರಿಯ ಉತ್ತರ ಭಾಗವು ಮೈಸೂರಿಗೆ ಸೇರತಕ್ಕುದೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಗಡಿಯ ವಿವಾದವು ಹೀಗೆ ನಿಂತಮೇಲೆ ಉಳಿದ ಪ್ರಶ್ನೆ ಶಾಲೆಯದು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಇಲ್ಲಿಯೂ ಅದೇ ಪದ! ಮಂಜೇಶ್ವರದ ತುಳು ಬಾಲಕನ ಮಾತೃಭಾಷೆ ತುಳು. ಅವನ ಹಿರಿಯರು ಓದಿದ ಶಾಲೆ ಕನ್ನಡದ್ದು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನಲ್ಲಿ ಎದ್ದ ಪ್ರತಿಭಟನೆಯು ಈ ಶಾಲೆಗಳ ಉಳಿವಿನ ಚಿಂತೆಯಿಂದಲೇ ಹುಟ್ಟಿದುದು.