ಎಸ್. ಎಂ. ನಂದಾ

ಸರ್ದಾರಿಲಾಲ್ ಮಥ್ರಾದಾಸ್ ನಂದಾ (1915–2009) ಭಾರತೀಯ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್. 1970ರ ಫೆಬ್ರವರಿ 28ರಿಂದ ಮೂರು ವರ್ಷ ಆ ಹುದ್ದೆಯಲ್ಲಿದ್ದರು. ಬ್ರಿಟಿಷ್ ಅಧಿಕಾರಿಗಳ ಕಾಲ ಮುಗಿದ ಮೇಲೆ ಕಟಾರಿ, ಸೋಮನ್, ಚಟರ್ಜಿ ಅವರ ನಂತರ ಬಂದ ನಾಲ್ಕನೆಯ ಭಾರತೀಯ ಮುಖ್ಯಸ್ಥರಿವರು. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ನಡೆದ ಕ್ಷಿಪಣಿ ದಾಳಿಯೊಂದಿಗೆ ಇವರ ಹೆಸರು ಬೆಸೆದುಕೊಂಡಿದೆ. ಸೇನಾ ವಲಯದ ಗೆಳೆಯರು ಇವರನ್ನು ಚಾರ್ಲ್ಸ್ ನಂದಾ ಎಂದು ಕರೆಯುತ್ತಿದ್ದರು.

ನಂದಾ ಹುಟ್ಟಿದ್ದು 1915ರ ಅಕ್ಟೋಬರ್ 10ರಂದು, ಪಂಜಾಬಿ ಕುಟುಂಬವೊಂದರಲ್ಲಿ. ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲೇ ಇರುವ ಮನೋರಾದಲ್ಲಿ. ಬಂದರಿಗೆ ಬರುವ, ಅಲ್ಲಿಂದ ಹೊರಡುವ ಹಡಗುಗಳೆಲ್ಲ ಮನೋರಾದ ದೀಪಸ್ತಂಭದ ಪಕ್ಕದಿಂದಲೇ ಹಾಯಬೇಕು. ಓದು ಮುಗಿದ ಮೇಲೆ ಕೆಲಕಾಲ ಕರಾಚಿ ಪೋರ್ಟ್ ಟ್ರಸ್ಟಿನಲ್ಲಿ ದುಡಿದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1941ರಲ್ಲಿ, ರಾಯಲ್ ಇಂಡಿಯನ್ ನೇವಿಯ ಸ್ವಯಂಸೇವಕ ಮೀಸಲು ಪಡೆ ಸೇರಿದರು. ದೇಶ ವಿಭಜನೆಯಾದಾಗ ಊರು ಪಾಕಿಸ್ತಾನಕ್ಕೆ ಹೋಯಿತು, ನಂದಾ ಭಾರತದ ನೌಕಾಪಡೆಯಲ್ಲಿ ಉಳಿದರು. ಬಾಲ್ಯದಲ್ಲಿ ಕಂಡ ಆ ಬಂದರನ್ನೇ ಮುಂದೆ ಗುರಿಯಾಗಿಸಿಕೊಳ್ಳಬೇಕಾಗಿ ಬಂದದ್ದನ್ನು ಅವರ ಬಗ್ಗೆ ಬರೆದವರೆಲ್ಲ ಎತ್ತಿ ಹೇಳಿದ್ದಾರೆ. ಆದರೆ ಭಾವನೆಯ ಮಾತಿಗಿಂತ ಉಪಯೋಗದ ಮಾತು ಇಲ್ಲಿ ಮುಖ್ಯ: ತೈಲ ಟ್ಯಾಂಕುಗಳು ಎಲ್ಲಿವೆ, ಬಂದರು ಎಷ್ಟು ಕಿರಿದು, ಅಲ್ಲಿ ಬೆಂಕಿ ಬಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇವರಿಗೆ ನಕ್ಷೆ ಬೇಕಿರಲಿಲ್ಲ.

ಸ್ವಾತಂತ್ರ್ಯದ ಬಳಿಕ ಐಎನ್‌ಎಸ್ ರಂಜಿತ್ ನೌಕೆಯ ನಾಯಕತ್ವವೂ ಸೇರಿದಂತೆ ಹಲವು ಹೊಣೆಗಳನ್ನು ಹೊತ್ತರು. ಕನ್ನಡಿಗರಿಗೆ ಗೊತ್ತಿರಬೇಕಾದ ಒಂದು ಸಂಗತಿ ಈ ಘಟ್ಟದಲ್ಲಿದೆ. ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರನ್ನು ಭಾರತ 1954ರಲ್ಲಿ ಕೊಂಡು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂಬ ಹೆಸರಿನಿಂದ ಸೇವೆಗೆ ಸೇರಿಸಿಕೊಂಡಿತು. ಕರ್ನಾಟಕಕ್ಕೆ ಆಗಿನ್ನೂ ಮೈಸೂರು ರಾಜ್ಯವೆಂದೇ ಹೆಸರು. ಆ ಹಡಗಿನ ಮೊದಲ ಕ್ಯಾಪ್ಟನ್ ನಂದಾ. ಹದಿನಾಲ್ಕು ವರ್ಷಗಳ ನಂತರ ಅದೇ ಮೈಸೂರು ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿ ಯುದ್ಧಕ್ಕೆ ಹೊರಟಿತು.

1960ರ ದಶಕದಲ್ಲಿ ನಂದಾ ಮುಂಬಯಿಯ ಮಝಗಾಂವ್ ಡಾಕ್‌ನ ಆಡಳಿತ ನಿರ್ದೇಶಕರಾದರು. ಸಮುದ್ರದ ಅಧಿಕಾರಿಗೆ ಕಾರ್ಖಾನೆಯ ಹೊಣೆ ಶಿಕ್ಷೆಯಂತೆ ಕಾಣುವುದುಂಟು. ಇವರ ವಿಷಯದಲ್ಲಿ ಹಾಗಾಗಲಿಲ್ಲ. ದೇಶದಲ್ಲೇ ದೊಡ್ಡ ಯುದ್ಧನೌಕೆ ಕಟ್ಟುವ ಕೆಲಸಕ್ಕೆ ಆ ಹಡಗುಕಟ್ಟೆ ಅಣಿಯಾಗುತ್ತಿದ್ದ ಕಾಲವದು. ಬ್ರಿಟನ್ನಿನ ಲಿಯಾಂಡರ್ ವಿನ್ಯಾಸದ ಮೊದಲ ಫ್ರಿಗೇಟ್ ನೀಲಗಿರಿಯ ಅಡಿಪಟ್ಟಿಯನ್ನು 1966ರಲ್ಲಿ ಇಡಲಾಯಿತು. 1972ರ ಜೂನ್‌ನಲ್ಲಿ ಅದು ನೌಕಾಪಡೆಗೆ ಸೇರುವಾಗ ನಂದಾ ಅವರೇ ಮುಖ್ಯಸ್ಥರು. ನಡುವೆ ನೌಕಾಬಲದ ದಂಡನಾಯಕರಾಗಿ, ಆಮೇಲೆ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಕೆಲಸ ಮಾಡಿದ್ದರು.

ಇವರು ಪದವಿಗೆ ಬಂದಾಗ ನೌಕಾಪಡೆಯ ಮನಸ್ಸು ಕುಗ್ಗಿತ್ತು. ಕಾರಣ 1965ರ ಭಾರತ–ಪಾಕಿಸ್ತಾನ ಯುದ್ಧ. ಆ ವರ್ಷದ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಏಳು ಹಡಗುಗಳು ದ್ವಾರಕೆಯ ಮೇಲೆ ಗುಂಡಿನ ಮಳೆಗರೆದು ಹೋಗಿದ್ದವು. ಹಾನಿ ಅಲ್ಪ, ಅವಮಾನ ದೊಡ್ಡದು. ಪೋರಬಂದರಿನ ಅಕ್ಷಾಂಶವನ್ನು ದಾಟಿ ಉತ್ತರಕ್ಕೆ ಹೋಗಕೂಡದೆಂದು ಸರ್ಕಾರವೇ ನೌಕಾಪಡೆಯ ಕೈ ಕಟ್ಟಿತ್ತು. ವಿಮಾನವಾಹಕ ನೌಕೆ ವಿಕ್ರಾಂತ್ ದುರಸ್ತಿಯಲ್ಲಿತ್ತು. ಭೂಸೇನೆ, ವಾಯುಪಡೆಗಳು ಕಾದುತ್ತಿದ್ದಾಗ ನೌಕಾಪಡೆ ಕೈಕಟ್ಟಿ ಕೂತಿತ್ತೆಂಬ ಮಾತನ್ನು ಅದರ ಅಧಿಕಾರಿಗಳು ವರ್ಷಗಟ್ಟಲೆ ಕೇಳಬೇಕಾಯಿತು.

ಹಾಗಾಗಿ 1971ರಲ್ಲಿ ಯುದ್ಧ ಸಮೀಪಿಸಿದಾಗ ನಂದಾ ಮೊದಲು ಮಾಡಿದ ಕೆಲಸ ಅಪ್ಪಣೆ ಕೇಳಿದ್ದು. ಅವರೇ ಹೇಳಿಕೊಂಡಿರುವಂತೆ, ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಂಡು, ಕರಾಚಿಯ ಮೇಲೆ ದಾಳಿ ಮಾಡಿದರೆ ರಾಜಕೀಯವಾಗಿ ಅಡ್ಡಿಯುಂಟೇ ಎಂದು ನೇರವಾಗಿ ವಿಚಾರಿಸಿದರು. ಯುದ್ಧ ಬಂದಮೇಲೆ ಅದು ಯುದ್ಧವೇ ಎಂಬರ್ಥದ ಚಿಕ್ಕ ಉತ್ತರ ಬಂತು. ಅಷ್ಟು ಸಾಕಾಯಿತು. ನಂದಾ ಅವರ ವೃತ್ತಿಜೀವನದಲ್ಲಿ ಅತ್ಯಂತ ಮುಖ್ಯವಾದ ಕ್ಷಣ ಯಾವುದೆಂದರೆ ಕ್ಷಿಪಣಿ ಹಾರಿದ ರಾತ್ರಿಯಲ್ಲ, ಈ ಭೇಟಿ. ಹಿಂದಿನ ಯುದ್ಧದಲ್ಲಿ ಕೊನೆಯ ಗಳಿಗೆಯಲ್ಲಿ ಬಂದ ನಿರ್ಬಂಧ ಈ ಸಲ ಬಾರದಂತೆ ಅವರು ಮೊದಲೇ ಬಾಗಿಲು ಹಾಕಿದರು.

ಅಸ್ತ್ರ ಆಗಷ್ಟೇ ಬಂದಿತ್ತು. ಸೋವಿಯತ್ ಒಕ್ಕೂಟದಿಂದ ಕೊಂಡ ಎಂಟು ಓಸಾ ಕ್ಷಿಪಣಿ ದೋಣಿಗಳು 1971ರ ಆರಂಭದಲ್ಲಿ ತಲುಪಿದವು. ಒಂದೊಂದರಲ್ಲೂ ನಾಲ್ಕು ಸ್ಟಿಕ್ಸ್ ಕ್ಷಿಪಣಿಗಳು, ಅವುಗಳ ವ್ಯಾಪ್ತಿ ಸುಮಾರು 40 ಕಿಲೋಮೀಟರ್. ದೋಣಿಗಳು ಗಾಳಿಯಂತೆ ಓಡುತ್ತಿದ್ದವು, ಆದರೆ ಇಂಧನ ಬೇಗ ಮುಗಿಯುತ್ತಿತ್ತು. ರಷ್ಯನ್ನರು ಅವನ್ನು ರೂಪಿಸಿದ್ದೇ ತಮ್ಮ ಬಂದರುಗಳ ಕಾವಲಿಗೆ. ಇಲ್ಲೂ ಹೆಚ್ಚಿನವರು ಅವನ್ನು ಮುಂಬಯಿಯ ಕಾವಲುಗಾರರೆಂದೇ ಬಗೆದಿದ್ದರು. ಆಗ ಒಂದು ಅನನುಕೂಲವೇ ಉಪಕಾರವಾಯಿತು. ಅಷ್ಟು ಭಾರವನ್ನು ಇಳಿಸಬಲ್ಲ ಕ್ರೇನ್ ಮುಂಬಯಿಯಲ್ಲಿರಲಿಲ್ಲ. ದೋಣಿಗಳನ್ನು ಕಲ್ಕತ್ತೆಯಲ್ಲಿ ಇಳಿಸಿ, ದೊಡ್ಡ ಹಡಗುಗಳ ಹಿಂದೆ ಹಗ್ಗ ಕಟ್ಟಿ, ಪರ್ಯಾಯದ್ವೀಪವನ್ನು ಸುತ್ತಿಸಿ ಪಶ್ಚಿಮ ಕರಾವಳಿಗೆ ತಂದರು. ಕಲ್ಕತ್ತೆಯಿಂದ ಮುಂಬಯಿಗೆ ಎಳೆದು ತರಬಹುದಾದರೆ ಕರಾಚಿಯ ಬಳಿಗೂ ಎಳೆದೊಯ್ಯಬಹುದಲ್ಲ! ಯೋಜನೆಯ ತಿರುಳು ಇದೇ. ಈ ಉಪಾಯ ಒಬ್ಬರ ತಲೆಯಿಂದ ಬಂದದ್ದಲ್ಲ, ಕಿರಿಯ ಅಧಿಕಾರಿಗಳ ಪಾಲೂ ಇದರಲ್ಲಿದೆ. ಹಿಂಜರಿಯುತ್ತಿದ್ದವರ ನಡುವೆ ಅದಕ್ಕೆ ಬೆನ್ನು ಕೊಟ್ಟು ನಿಂತವರು ನಂದಾ.

ಡಿಸೆಂಬರ್ 4ರ ರಾತ್ರಿ ‘ಆಪರೇಷನ್ ಟ್ರೈಡೆಂಟ್’ ನಡೆಯಿತು. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಜೊತೆಗೆ ಕಿಲ್ತಾನ್ ಮತ್ತು ಕಛಾಲ್ ನೌಕೆಗಳು. ದಳದ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್. ದೋಣಿಗಳ ಸಿಬ್ಬಂದಿ ರಷ್ಯದಲ್ಲಿ ತರಬೇತಾದವರು. ಶತ್ರು ಕದ್ದು ಕೇಳಿದರೂ ತಿಳಿಯದಿರಲೆಂದು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಪಾಕಿಸ್ತಾನದ ವಿಧ್ವಂಸಕ ನೌಕೆ ಖೈಬರ್, ಸಮುದ್ರದ ಮೈನುಗಳನ್ನು ತೆಗೆಯುವ ನೌಕೆ ಮುಹಾಫಿಜ್, ಸರಕು ಹಡಗು ವೀನಸ್ ಚಾಲೆಂಜರ್ ಮುಳುಗಿದವು. ಇನ್ನೊಂದು ವಿಧ್ವಂಸಕ ನೌಕೆ ಶಾಹ್ ಜಹಾನ್ ತೀವ್ರವಾಗಿ ಜಖಂಗೊಂಡಿತು. ಭಾರತದ ಕಡೆ ಒಂದು ಜೀವವೂ ಹೋಗಲಿಲ್ಲ. ಆಮೇಲೆ ಕರಾಚಿಯಲ್ಲಿ ಹುಟ್ಟಿದ ದಿಗಿಲು ಎಷ್ಟಿತ್ತೆಂದರೆ, ಪಾಕಿಸ್ತಾನದ ವಿಮಾನಗಳು ತಮ್ಮದೇ ಫ್ರಿಗೇಟ್ ಜುಲ್ಫಿಕರ್ ಮೇಲೆ ಕ್ಷಿಪಣಿ ದೋಣಿಯೆಂದು ತಪ್ಪು ತಿಳಿದು ದಾಳಿ ಮಾಡಿದವು. ಡಿಸೆಂಬರ್ 8ರ ರಾತ್ರಿ ತಲ್ವಾರ್, ತ್ರಿಶೂಲ್ ನೌಕೆಗಳ ಜೊತೆ ವಿನಾಶ್ ಎಂಬ ಒಂದೇ ದೋಣಿ ಹೋಗಿ ಎರಡನೆಯ ಏಟು ಕೊಟ್ಟಿತು. ಇದು ‘ಆಪರೇಷನ್ ಪೈಥಾನ್’.

ಕರಾಚಿ ಬಂದರಿನ ಕೆಮಾರಿಯಲ್ಲಿದ್ದ ತೈಲ ಟ್ಯಾಂಕುಗಳಿಗೆ ಬೆಂಕಿ ಇಟ್ಟವರು ಯಾರೆಂಬ ವಾದ ಇನ್ನೂ ಮುಗಿದಿಲ್ಲ. ವಾಯುಪಡೆಯ ಹಂಟರ್ ವಿಮಾನಗಳೂ ಅಲ್ಲಿ ದಾಳಿ ಮಾಡಿದ್ದವು, ಅಂದಿನ ವಾಯುಪಡೆ ಮುಖ್ಯಸ್ಥ ಪಿ. ಸಿ. ಲಾಲ್ ಅದರ ಶ್ರೇಯಸ್ಸನ್ನು ನೌಕಾಪಡೆಗೆ ಬಿಟ್ಟುಕೊಡಲು ಒಪ್ಪಲಿಲ್ಲ. ಹಡಗುಗಳನ್ನು ಮುಳುಗಿಸಿದ ವಿಷಯದಲ್ಲಿ ಮಾತ್ರ ತಕರಾರಿಲ್ಲ.

ಪೂರ್ವದಲ್ಲಿ ನಂದಾ ಬೇರೊಂದು ಪಂದ್ಯ ಕಟ್ಟಿದರು. ವಿಕ್ರಾಂತ್‌ನ ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಈ ಯುದ್ಧದಲ್ಲೂ ಅದು ಬಂದರಿನಲ್ಲೇ ಉಳಿದರೆ ನೌಕಾಪಡೆಯ ವಿಮಾನದಳಕ್ಕೆ ಮುಂದೆ ಅಸ್ತಿತ್ವವೇ ಇರದು ಎಂಬುದು ಇವರ ಅಂಜಿಕೆ. ಶತ್ರುವಿನ ವಿಮಾನಬಲ ತೀರ ಕಡಿಮೆಯಿದ್ದ ಬಂಗಾಳ ಕೊಲ್ಲಿಗೆ ಅದನ್ನು ಕಳಿಸಿ, ಪೂರ್ವ ಕಮಾಂಡಿನ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರ ಕೈಗೆ ಒಪ್ಪಿಸಿದರು. ವಿಕ್ರಾಂತ್‌ನ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಬಂದರುಗಳನ್ನು ಜರ್ಜರಗೊಳಿಸಿದವು. ಅದನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಬಳಿ ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಸ್ಫೋಟಗೊಂಡು ಮುಳುಗಿತು. ಭಾರತದ ರಜಪೂತ್ ನೌಕೆ ಎಸೆದ ಡೆಪ್ತ್ ಚಾರ್ಜ್‌ಗಳಿಂದಲೋ, ಒಳಗಿನ ಅವಘಡದಿಂದಲೋ ಎಂಬುದರಲ್ಲಿ ಎರಡು ದೇಶಗಳಿಗೂ ಒಮ್ಮತವಿಲ್ಲ.

ಯುದ್ಧ ಘೋಷಣೆಗೂ ಮುಂಚೆ ನೌಕಾಪಡೆ, ಬಾಂಗ್ಲಾದೇಶದ ಬಿಡುಗಡೆಗಾಗಿ ಹೋರಾಡುತ್ತಿದ್ದ ಮುಕ್ತಿವಾಹಿನಿಯ ಈಜುಗಾರರಿಗೆ ಗುಟ್ಟಾಗಿ ತರಬೇತಿ ಕೊಟ್ಟ ಕಥೆ ಹೆಚ್ಚು ಜನರಿಗೆ ತಿಳಿಯದು. ಪಶ್ಚಿಮ ಬಂಗಾಳದ ಪ್ಲಾಸಿಯಲ್ಲಿ ಶಿಬಿರ ನಡೆಯಿತು. ಫ್ರಾನ್ಸಿನ ತೂಲೋನ್‌ನಲ್ಲಿ ಪಾಕಿಸ್ತಾನದ ಮಾಂಗ್ರೋ ಜಲಾಂತರ್ಗಾಮಿಯನ್ನು ಬಿಟ್ಟು ಬಂದಿದ್ದ ಬಂಗಾಳಿ ನಾವಿಕರು ಇದಕ್ಕೆ ಬಲವಾದರು. ಆಗಸ್ಟ್ ನಡುವಿನ ಒಂದು ರಾತ್ರಿ ಈ ಹುಡುಗರು ಸ್ಫೋಟಕಗಳೊಂದಿಗೆ ಈಜಿ ಹೋಗಿ, ಚಿತ್ತಗಾಂಗ್‌ನಿಂದ ನಾರಾಯಣಗಂಜ್‌ವರೆಗೆ ಹಲವು ಬಂದರುಗಳಲ್ಲಿ ಹಡಗುಗಳನ್ನು ಸಿಡಿಸಿದರು.

ಗೆಲುವಿನ ಲೆಕ್ಕದಲ್ಲಿ ಖುಕ್ರಿಯನ್ನು ಮರೆಯುವಂತಿಲ್ಲ. ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೋ ತಗುಲಿ ಐಎನ್‌ಎಸ್ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಹಡಗಿನೊಡನೆಯೇ ಹೋದರು. ಹೊಸ ಫ್ರೆಂಚ್ ಜಲಾಂತರ್ಗಾಮಿಯ ಬೇಟೆಗೆ, ಅದಕ್ಕಿಂತ ದುರ್ಬಲ ಸೋನಾರ್ (ಶಬ್ದದಿಂದ ನೀರಡಿಯ ವಸ್ತುಗಳನ್ನು ಪತ್ತೆಹಚ್ಚುವ ಸಾಧನ) ಇದ್ದ ಹಡಗುಗಳನ್ನು ಕಳಿಸಲಾಗಿತ್ತು. ಸೋನಾರ್ ಪ್ರಯೋಗಕ್ಕಾಗಿ ಖುಕ್ರಿ ವೇಗವನ್ನೂ ತಗ್ಗಿಸಿತ್ತು. ಆದೇಶ ಹೊರಟದ್ದು ಪಶ್ಚಿಮ ಕಮಾಂಡಿನಿಂದ. ಹಾಗಿದ್ದರೂ ಕರಾಚಿಯ ಶ್ರೇಯಸ್ಸು ಮುಖ್ಯಸ್ಥರದಾದರೆ ಖುಕ್ರಿಯ ಹೊಣೆಯಲ್ಲೂ ಒಂದು ಪಾಲು ಅವರದೇ ಎನ್ನಬೇಕಾಗುತ್ತದೆ.

1972ರಲ್ಲಿ ಪದ್ಮವಿಭೂಷಣ ಬಂತು. ಟ್ರೈಡೆಂಟ್ ದಾಳಿಯ ನೆನಪಿಗೆ ಡಿಸೆಂಬರ್ 4 ನೌಕಾದಿನವಾಯಿತು. 1973ರಲ್ಲಿ ಎಸ್. ಎನ್. ಕೊಹ್ಲಿಯವರಿಗೆ ಅಧಿಕಾರ ಒಪ್ಪಿಸಿ ನಿವೃತ್ತರಾದ ನಂದಾ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಅಧ್ಯಕ್ಷರಾದರು. ನಂತರ ಸ್ವಂತ ಸಂಸ್ಥೆ ಕಟ್ಟಿ ವ್ಯಾಪಾರಕ್ಕಿಳಿದರು. ಮಾಜಿ ಮುಖ್ಯಸ್ಥರ ಕುಟುಂಬ ರಕ್ಷಣಾ ಸಾಮಗ್ರಿಯ ವ್ಯವಹಾರದಲ್ಲಿ ತೊಡಗಿದ್ದು ಟೀಕೆಗೆ ಗುರಿಯಾಯಿತು, ನಿವೃತ್ತ ಸೇನಾಧಿಕಾರಿಗಳು ಇಂಥ ವ್ಯಾಪಾರ ಮಾಡಬಹುದೇ ಎಂಬ ಚರ್ಚೆಯಲ್ಲಿ ಇವರ ಹೆಸರು ಮತ್ತೆ ಮತ್ತೆ ಬಂತು. 2009ರ ಮೇ 11ರಂದು, 93ನೆಯ ವಯಸ್ಸಿನಲ್ಲಿ ನಿಧನರಾದರು.

ನಂದಾ ಅವರ ಆತ್ಮಕಥೆ ‘ದಿ ಮ್ಯಾನ್ ಹೂ ಬಾಂಬ್ಡ್ ಕರಾಚಿ’ 2004ರಲ್ಲಿ ಹೊರಬಂತು. ಹೆಸರೇ ಹೇಳುವಂತೆ ಅದರ ನಾಯಕ ಒಬ್ಬನೇ. ಕೃಷ್ಣನ್, ಲಾಲ್ ಇಬ್ಬರೂ ತಮ್ಮ ತಮ್ಮ ನೆನಪುಗಳನ್ನು ಬರೆದಿಟ್ಟಿದ್ದಾರೆ, ಅಂದು ಪಶ್ಚಿಮ ನೌಕಾಬಲದಲ್ಲಿ ಕಾರ್ಯಾಚರಣೆ ಅಧಿಕಾರಿಯಾಗಿದ್ದ ಹಿರಾನಂದಾನಿ ನೌಕಾಪಡೆಯ ಇತಿಹಾಸವನ್ನೇ ಬರೆದಿದ್ದಾರೆ. 1971ರ ಸಮುದ್ರಯುದ್ಧವನ್ನು ತಿಳಿಯಬಯಸುವವರು ಈ ನಾಲ್ವರನ್ನೂ ಒಟ್ಟಿಗೆ ಓದಬೇಕು.